ಸಭೆ ಮೊದಲು, ಹೆಂಚು ಆಮೇಲೆ: ಮಂಗಳೂರಿನ ಬಾಸೆಲ್ ಮಿಷನ್ ಸಭೆಯ ಚರಿತ್ರೆಯನ್ನು ತರಗತಿಗೆ ತರುವುದು

ಮಂಗಳೂರಿನ ಆಸುಪಾಸಿನ ಶಾಲೆಗಳಲ್ಲಿ ಸಮಾಜ ವಿಜ್ಞಾನದ ಬೋಧನಾಭ್ಯಾಸ ನಡೆಯುವಾಗ, ಸ್ಥಳೀಯ ಚರಿತ್ರೆಯ ಪಾಠದಲ್ಲಿ ಬಾಸೆಲ್ ಮಿಷನ್ ಬಂದೇ ಬರುತ್ತದೆ. ಬರುವ ರೀತಿ ಹೆಚ್ಚುಕಡಿಮೆ ಒಂದೇ. ಕರಿಹಲಗೆಯ ಮೇಲೆ ‘ಕೊಡುಗೆಗಳು’ ಎಂಬ ತಲೆಬರಹ. ಅದರ ಕೆಳಗೆ ಶಾಲೆ, ಮುದ್ರಣಾಲಯ, ಮಂಗಳೂರ ಸಮಾಚಾರ, ಕಿಟ್ಟೆಲ್ ನಿಘಂಟು, ನೇಯ್ಗೆ, ಹೆಂಚು, ಖಾಕಿ. ಮಕ್ಕಳು ಬರೆದುಕೊಳ್ಳುತ್ತಾರೆ, ಪಾಠ ಮುಗಿಯುತ್ತದೆ. ವೀಕ್ಷಣಾ ಪುಸ್ತಕದಲ್ಲಿ ನಾನು ಬರೆಯುವ ಟಿಪ್ಪಣಿಯೂ ಹೆಚ್ಚುಕಡಿಮೆ ಒಂದೇ: ಪಟ್ಟಿ ಸರಿಯಾಗಿದೆ, ಪಟ್ಟಿಯಲ್ಲಿ ಜನರಿಲ್ಲ.

ಇಂಥ ಒಂದು ಪಾಠದ ಕೊನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ದೇವರ ವಿಷಯ ಹೇಳ್ಲಿಕ್ಕೆ ಬಂದವರು ಹೆಂಚು ಯಾಕೆ ಮಾಡಿದ್ರು ಟೀಚರ್?” ಎಂದು ಕೇಳಿದಳು. “ಜನರ ಏಳಿಗೆಗಾಗಿ” ಎಂದು ಪ್ರಶಿಕ್ಷಣಾರ್ಥಿ ಉತ್ತರಿಸಿದರು. ಸುಳ್ಳಲ್ಲ. ಆದರೆ ಒಳ್ಳೆಯ ಪ್ರಶ್ನೆಗೆ ಅಲ್ಲೇ ಬೀಗ ಬಿತ್ತು. ಆ ಬೀಗ ತೆಗೆಯಲು ಬೇಕಾದ ವಿಷಯಜ್ಞಾನವನ್ನು ಇಲ್ಲಿ ಒಂದೆಡೆ ಇಡುತ್ತಿದ್ದೇನೆ. ಹೆಂಚಿನ ಚರಿತ್ರೆ ಗೊತ್ತಿದ್ದರೆ ಸಾಲದು. ಅದಕ್ಕಿಂತ ಮೂವತ್ತು ವರ್ಷ ಮೊದಲೇ ಹುಟ್ಟಿದ ಒಂದು ಸಭೆಯ ಚರಿತ್ರೆ ಗೊತ್ತಿರಬೇಕು. ‘ಸಭೆ’ ಎಂದರೆ ಇಲ್ಲಿ ಕೂಟವಲ್ಲ. ಒಂದು ದೇವಾಲಯಕ್ಕೆ ಸೇರಿ, ಅದರ ಹಿರಿಯರ ಮಾತಿಗೆ ಒಳಪಟ್ಟು ಬಾಳುವ ವಿಶ್ವಾಸಿಗಳ ಸಮುದಾಯಕ್ಕೆ ಕರಾವಳಿಯ ಪ್ರೊಟೆಸ್ಟೆಂಟ್ ಕ್ರೈಸ್ತರು ಬಳಸುವ ಮಾತು ಅದು.

ಇವರು ಲೂಥರನ್ನರೇ?

ಪಾಠಯೋಜನೆಗಳಲ್ಲಿ ‘ಜರ್ಮನಿಯ ಲೂಥರನ್ ಮಿಷನರಿಗಳು’ ಎಂದು ಬರೆದಿರುವುದನ್ನು ಆಗಾಗ ನೋಡುತ್ತೇನೆ. ಅರ್ಧ ಸರಿ. ಮಿಷನ್ ಸ್ಥಾಪನೆಯಾದದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಆ ನಗರದ ಸಭೆ ಲೂಥರನ್ ಪಂಥದ್ದಲ್ಲ. ಜ್ವಿಂಗ್ಲಿ, ಕ್ಯಾಲ್ವಿನ್ ಮುಂತಾದ ಸ್ವಿಸ್ ಸುಧಾರಕರ ದಾರಿಯ ರಿಫಾರ್ಮ್ಡ್ ಪಂಥದ್ದು. ಆದರೆ ಮಿಷನ್‌ಗೆ ಹಣ ಕೊಟ್ಟವರಲ್ಲಿ, ಅದಕ್ಕಿಂತ ಹೆಚ್ಚಾಗಿ ಮಿಷನರಿಗಳಾಗಿ ಹೊರಟವರಲ್ಲಿ, ದೊಡ್ಡ ಪಾಲು ಪಕ್ಕದ ಜರ್ಮನ್ ರಾಜ್ಯವಾದ ವುರ್ಟೆಂಬರ್ಗಿನವರದು. ಅಲ್ಲಿಯ ಸಭೆ ಲೂಥರನ್. ಅದರೊಳಗೆ ಪಯಟಿಸ್ಟರೆಂಬ ಭಕ್ತಿಪಂಥ ಬಲವಾಗಿತ್ತು. ಪ್ರತಿದಿನ ಬೈಬಲ್ ಓದು, ಮನೆಯಲ್ಲಿ ಪ್ರಾರ್ಥನೆ, ಕುಡಿತ ಜೂಜುಗಳಿಂದ ದೂರ, ಕೈಕೆಲಸಕ್ಕೆ ಗೌರವ ಅವರ ಬದುಕಿನ ಕ್ರಮ. ಮಿಷನ್‌ನ ಸೆಮಿನರಿಗೆ ಸೇರಿದವರಲ್ಲಿ ಬಹಳಷ್ಟು ಜನ ರೈತರ, ಕುಶಲಕರ್ಮಿಗಳ ಮಕ್ಕಳು. ಮುಂದೆ ನೇಯ್ಗೆಯವರೂ ಯಂತ್ರ ಬಲ್ಲವರೂ ಮಿಷನ್‌ನ ಕೆಲಸಕ್ಕೆಂದೇ ಮಂಗಳೂರಿನಲ್ಲಿ ಬಂದಿಳಿದದ್ದು ಆಕಸ್ಮಿಕವಲ್ಲ.

ಹಾಗಾಗಿ ಲೂಥರನ್ ಹಿನ್ನೆಲೆಯವರು ಬಹುಮಂದಿ ಇದ್ದ, ಎರಡೂ ಪಂಥದವರು ಕೂಡಿ ನಡೆಸಿದ ಮಿಷನ್ ಎನ್ನುವುದು ಸರಿಯಾದ ಮಾತು. ಪ್ರೌಢಶಾಲೆಯ ಮಕ್ಕಳಿಗೆ ಇಷ್ಟು ಬೇಡ. ಹೇಳಲೇಬೇಕಾದದ್ದು ಬೇರೆ ಎರಡಿವೆ. ಒಂದು, ಇವರಿಗೂ ಮಂಗಳೂರಿನ ಕೊಂಕಣಿ ಕ್ಯಾಥೊಲಿಕರಿಗೂ ಇರುವ ವ್ಯತ್ಯಾಸ. ಗೋವಾದಿಂದ ಬಂದ ಕ್ಯಾಥೊಲಿಕರು ಈ ನಾಡಿನಲ್ಲಿ ಅದಾಗಲೇ ಹಲವು ತಲೆಮಾರು ಕಳೆದಿದ್ದರು. 1784ರಲ್ಲಿ ಟಿಪ್ಪು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಬಾಸೆಲ್ ಮಿಷನ್ ಇನ್ನೂ ಹುಟ್ಟಿಯೇ ಇರಲಿಲ್ಲ. ಮಕ್ಕಳು ಎರಡನ್ನೂ ಸೇರಿಸಿ ‘ಕ್ರಿಶ್ಚಿಯನ್ನರು ಬಂದರು’ ಎಂದು ಒಂದೇ ವಾಕ್ಯ ಬರೆಯುತ್ತಾರೆ. ಇನ್ನೊಂದು, ಲೂಥರ್ ಜರ್ಮನಿಯಲ್ಲಿ ಹಿಡಿದ ಪಟ್ಟು: ಶಾಸ್ತ್ರ ಜನರ ಮಾತಿನಲ್ಲಿರಬೇಕು, ಪ್ರತಿಯೊಬ್ಬರೂ ಅದನ್ನು ಓದಬೇಕು. ಓದಬೇಕಾದರೆ ಶಾಲೆ ಬೇಕು, ಪುಸ್ತಕ ಬೇಕು, ಪುಸ್ತಕಕ್ಕೆ ಅಚ್ಚುಕೂಟ ಬೇಕು. ‘ಕೊಡುಗೆಗಳು’ ಪಟ್ಟಿಯ ಮೊದಲ ಮೂರು ಅಂಶಗಳು ಈ ಒಂದು ನಂಬಿಕೆಯಿಂದ ಹೊರಟವು. ಬಿಡಿಬಿಡಿಯಾಗಿ ಬಾಯಿಪಾಠ ಮಾಡಿಸುವ ಬದಲು ಹೀಗೆ ಕೊಂಡಿ ಹಾಕಿಕೊಟ್ಟರೆ ಮಕ್ಕಳೇ ಮುಂದಿನದನ್ನು ಊಹಿಸುತ್ತಾರೆ.

1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ತಿಂಗಳ ಕೊನೆಗೆ ಮಂಗಳೂರು ತಲುಪಿದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. ಮರುವರ್ಷ ಅಚ್ಚಾದದ್ದು ಮತ್ತಾಯನ ಸುವಾರ್ತೆ, ಅದೂ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ. ತುಳು ಮಾತಾಡುವ ಮಕ್ಕಳಿರುವ ತರಗತಿಯಲ್ಲಿ ಇದನ್ನು ಹೇಳಿ ನೋಡಿ, ಮುಖಗಳು ಬದಲಾಗುತ್ತವೆ. 1843ರ ಜುಲೈ 1ರಂದು ಮೋಗ್ಲಿಂಗ್ ಅವರ ಮಂಗಳೂರ ಸಮಾಚಾರ ಹೊರಬಂತು. ಇದೆಲ್ಲ ಪಠ್ಯಪುಸ್ತಕದಲ್ಲೂ ಸಿಗುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಸೇರಿದವರು ಕಳೆದುಕೊಂಡದ್ದು

ಸಭೆಗೆ ಮೊದಲು ಸೇರಿದವರ ಬಗ್ಗೆ ಮಾತಾಡುವಾಗ ಪುಸ್ತಕಗಳು ಸಾಮಾನ್ಯವಾಗಿ ಆನಂದರಾವ್ ಕೌಂಡಿನ್ಯರ ಹೆಸರು ಹೇಳುತ್ತವೆ. ಶಾಲೆಯ ಮೂಲಕ ಮಿಷನ್‌ಗೆ ಹತ್ತಿರವಾದ ಬ್ರಾಹ್ಮಣ ಯುವಕ. 1844ರಲ್ಲಿ ದೀಕ್ಷಾಸ್ನಾನ ಪಡೆದರು, ಬಾಸೆಲ್‌ಗೆ ಹೋಗಿ ಓದಿದರು, ಪಾದ್ರಿಯಾಗಿ ಮರಳಿದರು. ಊರಿನಲ್ಲಿ ದೊಡ್ಡ ಗದ್ದಲವೆಬ್ಬಿಸಿದ ಘಟನೆ ಅದು. ಆದರೆ ಸಭೆ ಬೆಳೆದದ್ದು ಅಂಥವರಿಂದಲ್ಲ. ತುಳುನಾಡಿನಲ್ಲಿ ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರ ಲೆಕ್ಕ ಹಾಕದೆ ಹೆಂಚಿನ ಕಾರ್ಖಾನೆ ಅರ್ಥವಾಗುವುದಿಲ್ಲ.

ಬಿಲ್ಲವ ಕುಟುಂಬಗಳ ಮುಖ್ಯ ಕಸುಬು ಶೇಂದಿ ಇಳಿಸುವುದು ಮತ್ತು ಗೇಣಿ ಬೇಸಾಯ. ಪಯಟಿಸ್ಟ್ ಮಿಷನರಿಗಳಿಗೆ ಶೇಂದಿ ಒಪ್ಪಿಗೆಯಾಗುವ ವಸ್ತುವಲ್ಲ. ಸಭೆಗೆ ಸೇರಿದವರು ಆ ಕಸುಬನ್ನು ಬಿಡಬೇಕಿತ್ತು. ಸರಿ, ಬೇಸಾಯ ಮಾಡೋಣವೆಂದರೆ ಭೂಮಿ ಒಡೆಯರದು. ಮೂಲಗೇಣಿ ಇದ್ದವನಿಗೆ ಹಕ್ಕು ಗಟ್ಟಿ. ಬಡ ಒಕ್ಕಲಿಗೆ ಇದ್ದದ್ದು ಸಾಮಾನ್ಯವಾಗಿ ಚಾಲಗೇಣಿ. ಒಡೆಯ ಬಿಡು ಎಂದರೆ ಬಿಡಬೇಕು. ಮತ ಬದಲಿಸಿದ ಒಕ್ಕಲನ್ನು ಏಳಿಸಲು ಒಡೆಯನಿಗೆ ನ್ಯಾಯಾಲಯದ ಹಂಗೂ ಇರಲಿಲ್ಲ.

ಮನೆಯ ಪಾಲೂ ಇಲ್ಲ. ತುಳುನಾಡಿನ ಅಳಿಯಸಂತಾನ ಪದ್ಧತಿಯನ್ನು ಇಲ್ಲಿ ವಿವರಿಸಲೇಬೇಕು. ಆಸ್ತಿ ತಾಯಿಯ ಸಂತಾನದ ಇಡೀ ಕುಟುಂಬದ್ದು. ಸದಸ್ಯನೊಬ್ಬ ತನ್ನ ಪಾಲು ಬಿಡಿಸಿಕೊಡಿ ಎಂದು ಕೇಳುವಂತಿರಲಿಲ್ಲ, ಅದರಲ್ಲಿ ಉಣ್ಣುವ ಹಕ್ಕು ಮಾತ್ರ ಅವನದು. ಉಣ್ಣುವುದು ಒಂದೇ ಸೂರಿನಡಿ, ಒಂದೇ ಕುಟುಂಬದ ದೈವಗಳ ಮುಂದೆ. ದೈವದ ಕೋಲಕ್ಕೆ ನಿಲ್ಲದವನು, ಜಾತಿಯವರ ಪಂಕ್ತಿಯಲ್ಲಿ ಕೂರದವನು ಆ ಸೂರಿನಡಿ ಉಳಿಯುವುದು ಹೇಗೆ? 1850ರ 21ನೆಯ ಕಾಯ್ದೆ ಮತ ಬಿಟ್ಟವರ, ಜಾತಿಯಿಂದ ಹೊರಹಾಕಲ್ಪಟ್ಟವರ ಆಸ್ತಿಹಕ್ಕು ನಷ್ಟವಾಗುವುದಿಲ್ಲ ಎಂದಿತು. ಆದರೆ ಬಿಡಿಸಿ ಕೊಡಲಾಗದ ಪಾಲಿಗೆ ಕಾಯ್ದೆ ಹಿಡಿದು ಏನು ಮಾಡುವುದು? ಅಳಿಯಸಂತಾನ ಆಸ್ತಿಯ ಪಾಲುಪಟ್ಟಿಯನ್ನು ಸಮಗ್ರವಾಗಿ ಮುಟ್ಟಿದ ಮದ್ರಾಸ್ ಕಾಯ್ದೆ ಬಂದದ್ದು 1949ರಲ್ಲಿ, ಅಂದರೆ ಹೆಚ್ಚುಕಡಿಮೆ ನೂರು ವರ್ಷದ ಬಳಿಕ.

ಕಸುಬು, ಗೇಣಿ, ಮನೆ ಎಂಬ ಮೂರೂ ಒಟ್ಟಿಗೆ ಹೋದವು. ಇದನ್ನು ಹೇಳುವಾಗ ಪ್ರಶಿಕ್ಷಣಾರ್ಥಿಗಳು ಜಾತಿಯವರನ್ನೂ ಒಡೆಯರನ್ನೂ ಖಳರನ್ನಾಗಿ ಮಾಡಬಾರದು. ಭೂಮಿ, ದೈವ, ಊಟ, ನೆಂಟಸ್ತಿಕೆ ಒಂದಕ್ಕೊಂದು ಹೆಣೆದುಕೊಂಡ ಬದುಕಿನಿಂದ ಒಂದು ಎಳೆ ಕಿತ್ತರೆ ಉಳಿದವೂ ಬಿಚ್ಚಿಕೊಳ್ಳುತ್ತವೆ. ಎಂಟನೆಯ ತರಗತಿಯ ಮಗುವಿಗೂ ಇದು ತಿಳಿಯುತ್ತದೆ, ಮನೆಯ ಉದಾಹರಣೆ ಕೊಟ್ಟರೆ.

ನೆಲೆ ತಪ್ಪಿದ ಕುಟುಂಬಗಳು ಬಲ್ಮಠದ ಗುಡ್ಡದ ಸುತ್ತ, ಜೆಪ್ಪುವಿನಲ್ಲಿ, ಮಿಷನ್‌ನ ನೆಲದಲ್ಲಿ ಬಂದು ನಿಂತವು. ಈಗ ಅವರಿಗೆ ಅನ್ನದ ದಾರಿ ಹುಡುಕುವುದು ಮಿಷನರಿಗಳ ತಲೆನೋವು. ಬೇಸಾಯ ಮಾಡಿಸಿ ನೋಡಿದರು, ಗಡಿಯಾರದ ಕೆಲಸ ಕಲಿಸಿ ನೋಡಿದರು, ಬಡಗಿ ಕೆಲಸ, ಪುಸ್ತಕ ಕಟ್ಟುವ ಕೆಲಸ ಕೊಟ್ಟು ನೋಡಿದರು. ಊರಿಗೆಲ್ಲ ಎಷ್ಟು ಗಡಿಯಾರ ಬೇಕು? ಕೆಲವು ಕೈ ಹತ್ತಲಿಲ್ಲ, ಕೆಲವು ನಾಲ್ಕೈದು ಜನರಿಗೆ ಮಾತ್ರ ಸಾಕಾದವು. 1851ರಲ್ಲಿ ನೇಯ್ಗೆ ಬಲ್ಲ ಜಾನ್ ಹಾಲರ್ ಬಂದ ಮೇಲೆ ಮಗ್ಗಗಳು ನಿಂತವು. ಆಮೇಲೆ ಕಣ್ಣೂರು, ಕಲ್ಲಿಕೋಟೆಗಳಲ್ಲೂ. 1859ರಲ್ಲಿ ಬಾಸೆಲ್‌ನಲ್ಲಿ ವ್ಯಾಪಾರಕ್ಕೆಂದೇ ಪ್ರತ್ಯೇಕ ಕಂಪನಿ ಆಯಿತು. ಧರ್ಮದ ಲೆಕ್ಕ ಬೇರೆ, ಅಂಗಡಿಯ ಲೆಕ್ಕ ಬೇರೆ ಇರಲಿ ಎಂಬುದು ಅದರ ಉದ್ದೇಶ. ಮಂಗಳೂರಿನಲ್ಲಿ ಆ ಗೆರೆ ಎಷ್ಟು ತೆಳುವಾಗಿತ್ತು ಎನ್ನುವುದು ಮುಂದೆ ಬರುತ್ತದೆ.

ಖಾಕಿಯ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ‘ಖಾಕಿಯನ್ನು ಮಂಗಳೂರಿನಲ್ಲಿ ಹಾಲರ್ ಕಂಡುಹಿಡಿದರು’ ಎಂದು ಪ್ರತಿವರ್ಷ ಕನಿಷ್ಠ ಒಬ್ಬರಾದರೂ ಹಲಗೆಯ ಮೇಲೆ ಬರೆಯುತ್ತಾರೆ. ಖಾಕಿ ಎನ್ನುವುದು ಧೂಳು ಎಂಬರ್ಥದ ‘ಖಾಕ್’ ಶಬ್ದದಿಂದ ಬಂದದ್ದು. 1846ರಲ್ಲಿ ವಾಯವ್ಯ ಗಡಿಯಲ್ಲಿ ಲಮ್ಸ್‌ಡೆನ್ ಎಂಬ ಅಧಿಕಾರಿ ಕಟ್ಟಿದ ಗೈಡ್ಸ್ ಪಡೆ ಹಾಲರ್ ಬರುವ ಮೊದಲೇ ಧೂಳುಬಣ್ಣದ ಬಟ್ಟೆ ತೊಟ್ಟಿತ್ತು. ಮಂಗಳೂರಿನ ಮಗ್ಗಗಳಲ್ಲಿ ಹಾಲರ್ ಒಂದು ಖಾಕಿ ಬಣ್ಣ ತಯಾರಿಸಿ ಹೆಸರು ಮಾಡಿದರು ಎನ್ನುವುದು ಬೇರೆ, ಖಾಕಿಯೇ ಇಲ್ಲಿ ಹುಟ್ಟಿತು ಎನ್ನುವುದು ಬೇರೆ. ಊರಿನ ಅಭಿಮಾನ ಒಳ್ಳೆಯದೇ, ಆದರೆ ಎರಡು ಇಸವಿಗಳನ್ನು ಅಕ್ಕಪಕ್ಕ ಬರೆದು ಮಕ್ಕಳನ್ನೇ ಕೇಳಿದರೆ ಅವರು ಚರಿತ್ರಕಾರನ ಕೆಲಸ ಮಾಡಿದಂತಾಗುತ್ತದೆ. ಹತ್ತು ನಿಮಿಷಕ್ಕೆ ಇದಕ್ಕಿಂತ ಒಳ್ಳೆಯ ಚಟುವಟಿಕೆ ನನಗೆ ಗೊತ್ತಿಲ್ಲ.

ಜೆಪ್ಪುವಿನ ಹೆಂಚು

ಜಾರ್ಜ್ ಪ್ಲೆಬ್ಸ್ಟ್ 1851ರಲ್ಲಿ ಬಂದದ್ದು ಅಚ್ಚುಕೂಟದ ಕೆಲಸಕ್ಕೆ. ಮೊಳೆ ಜೋಡಿಸಿ ಅಚ್ಚು ಹಾಕುವ ಕ್ರಮ ಅವರಿಂದ ಇಲ್ಲಿ ನೆಲೆಯೂರಿತು. ಆರೋಗ್ಯ ಕೆಟ್ಟು ಯುರೋಪಿಗೆ ಮರಳಿದಾಗ ಅವರು ಜೇಡಿಮಣ್ಣಿನ ಕೆಲಸವನ್ನು ಕಲಿತು ಬಂದರು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಮಣ್ಣು ಅದಕ್ಕೆ ಹೇಳಿಮಾಡಿಸಿದ್ದು. ಉರುವಲಿಗೆ ಘಟ್ಟದ ಕಾಡು, ಸಾಗಣೆಗೆ ದೋಣಿ ಮತ್ತು ಬಂದರು. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು, ಬೆರಳೆಣಿಕೆಯ ಕೆಲಸಗಾರರಿಂದ, ಮಣ್ಣು ನಾದುವ ಗಿರಣಿ ತಿರುಗಿಸಲು ಎತ್ತುಗಳಿಂದ. ಹಬೆಯಂತ್ರ ಆಮೇಲೆ ಬಂತು.

ಅದಕ್ಕೆ ಮೊದಲು ಬಡವರ ಮನೆಗೆ ಮುಳಿಹುಲ್ಲು ಇಲ್ಲವೇ ಮಡಲಿನ ಮಾಡು. ಕುಂಬಾರರ ನಾಡಹೆಂಚು ಇತ್ತು, ಕೊಳವೆಯನ್ನು ಸೀಳಿದಂಥದು. ಒಂದರ ಮೇಲೊಂದು ಪದರವಾಗಿ ಹೊದಿಸಬೇಕು, ಮಂಗ ಹಾರಿದರೆ ಜಾರಿತು. ಹೊಸ ಹೆಂಚಿನ ಗುಟ್ಟು ಅದರ ಅಂಚಿನಲ್ಲಿದೆ. ಒಂದರ ಕಾಲುವೆಯೊಳಗೆ ಇನ್ನೊಂದರ ಏಣು ಕೂರುತ್ತದೆ, ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಹೀಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚನ್ನು ಫ್ರಾನ್ಸಿನ ಅಲ್ಸೇಸ್ ಪ್ರಾಂತದಲ್ಲಿ ಗಿಲಾರ್ದೋನಿ ಸಹೋದರರು 1841ರಲ್ಲೇ ರೂಪಿಸಿ ಹಕ್ಕು ಪಡೆದಿದ್ದರು. ಅಲ್ಸೇಸ್ ಬಾಸೆಲ್‌ಗೆ ನೆರೆ. ನಮ್ಮ ‘ಮಂಗಳೂರು ಹೆಂಚು’ ಆ ಜಾತಿಯದು.

ತರಗತಿಗೆ ಎರಡು ಹೆಂಚು ತಂದು ಜೋಡಿಸಿ ತೋರಿಸಿದರೆ ಈ ವಿವರಣೆಯೇ ಬೇಡ. ಮೇಲಿನಿಂದ ಒಂದು ಲೋಟ ನೀರು ಸುರಿದು ಕೆಳಗೆ ಹನಿ ಬೀಳುತ್ತದೋ ನೋಡಲಿ. ಕರಾವಳಿಯ ಮಳೆಗೆ ಇದು ಏನು ಎಂಬುದು ಯಾರೂ ಹೇಳಬೇಕಾಗುವುದಿಲ್ಲ.

ಕೆಲಸದ ಕ್ರಮವನ್ನೂ ಹೇಳಬೇಕು, ಯಾಕೆಂದರೆ ಅದರೊಳಗೇ ಸಭೆ ಇದೆ. ಬೇಸಗೆಯಲ್ಲಿ ದಂಡೆಯ ಮಣ್ಣು ಅಗೆದು ದೋಣಿಯಲ್ಲಿ ತಂದು ರಾಶಿ ಹಾಕುತ್ತಾರೆ. ನೀರು ಬೆರೆಸಿ ಹದ ಬರುವ ತನಕ ಬಿಟ್ಟು, ಗಿರಣಿಯಲ್ಲಿ ನಾದಿ, ಹಲಗೆಯಂತೆ ಕತ್ತರಿಸುತ್ತಾರೆ. ಎಣ್ಣೆ ಸವರಿದ ಅಚ್ಚಿನ ಮೇಲಿಟ್ಟು ಒತ್ತುಯಂತ್ರದ ತಿರುಪು ಎಳೆಯುತ್ತಾರೆ. ಅಂಚಿನ ಹೆಚ್ಚುವರಿ ಮಣ್ಣು ಕೆತ್ತಿ, ನೆರಳಲ್ಲಿ ಮರದ ಅಟ್ಟಣಿಗೆಯಲ್ಲಿ ಒಣಗಿಸಿ, ಗೂಡಿಗೆ ತುಂಬಿ ಸುಡುತ್ತಾರೆ. ಗೂಡು ಆರಿದ ಮೇಲೆ ಒಂದೊಂದನ್ನೂ ತಟ್ಟಿ ಸದ್ದು ಕೇಳಿ ವಿಂಗಡಿಸುತ್ತಾರೆ: ಗಂಟೆಯಂತೆ ಕೇಳಿದರೆ ಒಳ್ಳೆಯದು, ಮಂಕಾಗಿ ಕೇಳಿದರೆ ಒಡಕು. ಹೊರುವ, ಒಣಗಿಸುವ, ಜೋಡಿಸುವ ಕೆಲಸದಲ್ಲಿ ಹೆಂಗಸರು ಬಹಳ. ಮನೆಯ ಅಂಗಳ, ಗದ್ದೆ ಬಿಟ್ಟು ಸಂಬಳಕ್ಕೆ ಗೇಟು ದಾಟಿದ ಈ ಊರಿನ ಹೆಂಗಸರ ಮೊದಲ ತಲೆಮಾರುಗಳಲ್ಲಿ ಇವರನ್ನು ಲೆಕ್ಕಕ್ಕೆ ಹಿಡಿಯಬೇಕು. ಪಠ್ಯಗಳು ಪ್ಲೆಬ್ಸ್ಟರನ್ನು ಹೆಸರಿಸಿ ಇವರನ್ನು ಬಿಡುತ್ತವೆ.

ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫರೋಕ್‌ಗಳಲ್ಲೂ ಮಿಷನ್‌ನ ಹೆಂಚಿನ ಕಾರ್ಖಾನೆಗಳೆದ್ದವು. ಗುಟ್ಟು ಮಿಷನ್‌ನಲ್ಲೇ ಉಳಿಯಲಿಲ್ಲ. ಆಲ್ಬುಕರ್ಕ್ ಹೆಸರಿನ ಕಾರ್ಖಾನೆ 1868ರಲ್ಲೇ ಶುರುವಾಯಿತು, ನದಿಯ ದಂಡೆಯುದ್ದಕ್ಕೂ ಚಿಮಣಿಗಳು ಹೆಚ್ಚಿದವು. ಬಂದರಿನ ಪೇಟೆಯಾಗಿದ್ದ ಮಂಗಳೂರು ಹೀಗೆ ಕಾರ್ಖಾನೆಯ ಊರೂ ಆಯಿತು.

ಒಂದೇ ಗೇಟು

ಕಾರ್ಖಾನೆ ಸಭೆಯನ್ನು ಉಳಿಸಿತು. ಜೊತೆಗೆ ಅದನ್ನು ಕಟ್ಟಿಯೂ ಹಾಕಿತು. ಬೆಳಿಗ್ಗೆ ಕೆಲಸಕ್ಕೆ ಮೊದಲು ಪ್ರಾರ್ಥನೆ. ಭಾನುವಾರ ಅದೇ ಜನ ದೇವಾಲಯದಲ್ಲಿ. ಮೇಸ್ತ್ರಿಯಾಗಿರುವವರು ಸಭೆಯಲ್ಲಿ ಹಿರಿಯರೂ ಆಗಿರಬಹುದು. ಕುಡಿದು ಬಂದರೆ ಸಭೆಯ ಶಿಸ್ತಿಗೂ ಗುರಿ, ಕೆಲಸಕ್ಕೂ ಕುತ್ತು. ಸಂಬಳ ಕೊಡುವವರು, ಪಾಪ ಎತ್ತಿ ಹೇಳುವವರು, ಮಕ್ಕಳ ಶಾಲೆ ನಡೆಸುವವರು, ವಾಸಕ್ಕೆ ಜಾಗ ಕೊಟ್ಟವರು ಎಲ್ಲ ಒಂದೇ ಕಡೆಯವರಾದರೆ, ಅವರೊಡನೆ ಭಿನ್ನಾಭಿಪ್ರಾಯ ಬಂದಾಗ ಮನುಷ್ಯ ಎಲ್ಲಿಗೆ ಹೋಗಬೇಕು? ಮೊದಲು ಒಡೆಯನ ಒಕ್ಕಲಾಗಿದ್ದವನು ಈಗ ಮಿಷನ್‌ನ ಒಕ್ಕಲಾದನೇ ಎಂಬ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿಗಳ ಮುಂದೆ ನಾನು ಬೇಕೆಂದೇ ಇಡುತ್ತೇನೆ. ಪೂರ್ತಿ ಹೌದೆನ್ನಲಾರೆ. ಮಿಷನ್ ಜಾತಿಭೇದವನ್ನು ಸಭೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಸಾಲಿನಲ್ಲಿ ನಿಂತು ಮಣ್ಣು ಮುಟ್ಟಿದರು, ಒಂದೇ ಮೇಜಿನಿಂದ ಪ್ರಸಾದ ಪಡೆದರು, ಮಕ್ಕಳು ಓದು ಕಲಿತರು. ಓದು ಕಲಿತ ಮಗ ಮಣ್ಣಿನ ಕೆಲಸಕ್ಕೇ ಬರಬೇಕೆಂದಿರಲಿಲ್ಲ. ಪೂರ್ತಿ ಅಲ್ಲವೆನ್ನಲೂ ಆರೆ.

ಮಿಷನ್‌ನೊಳಗೇ ಈ ಅಳುಕು ಇತ್ತು. ಕೆಲಸ ಸಿಗುತ್ತದೆಂದು ಸಭೆಗೆ ಸೇರುವವರು ಬಂದರೆ ಅದು ವಿಶ್ವಾಸವೇ ಎಂಬ ಚರ್ಚೆ ಮಿಷನರಿಗಳಲ್ಲಿ ಮತ್ತೆ ಮತ್ತೆ ಎದ್ದಿತು. ಕಾರ್ಖಾನೆಗಳಲ್ಲಿ ಕ್ರೈಸ್ತರಲ್ಲದವರೂ ದುಡಿದರು ಎನ್ನುವುದನ್ನೂ ಮರೆಯಬಾರದು. ಕೆಲಸಕ್ಕೆ ಮತಾಂತರ ಶರತ್ತಾಗಿರಲಿಲ್ಲ.

ಆ ಒಂದೇ ಗೇಟು ಮುರಿದದ್ದು ಯಾರೂ ಎಣಿಸದ ಕಡೆಯಿಂದ. 1914ರಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿತು. ಬಾಸೆಲ್ ತಟಸ್ಥ ದೇಶದ ನಗರವಾದರೂ ಮಿಷನರಿಗಳಲ್ಲಿ ಹೆಚ್ಚಿನವರು ಜರ್ಮನ್ ಪ್ರಜೆಗಳು. ನಿನ್ನೆಯವರೆಗೆ ಕಲೆಕ್ಟರರಿಗೆ ಬೇಕಾದವರು ಇಂದು ಶತ್ರುದೇಶದವರು. ಅವರನ್ನು ಸೆರೆಶಿಬಿರಕ್ಕೆ ಒಯ್ದರು, ಆಮೇಲೆ ದೇಶದಿಂದ ಕಳಿಸಿದರು. ಕಾರ್ಖಾನೆಗಳು ಸರಕಾರದ ವಶವಾಗಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈ ಸೇರಿದವು. ಗೂಡು ಅದೇ, ಮಣ್ಣು ಅದೇ, ಕೆಲಸಗಾರರು ಅವರೇ. ಆದರೆ ಸಂಬಳ ಕೊಡುವ ಕೈಗೂ ಸಭೆಗೂ ಈಗ ಸಂಬಂಧವಿಲ್ಲ. ಸಭೆಯನ್ನು ನಡೆಸುವ ಭಾರ ಇಲ್ಲಿಯ ಪಾದ್ರಿಗಳ, ಹಿರಿಯರ ಹೆಗಲಿಗೆ ಬಂತು. ಕಾರ್ಖಾನೆ ಹೋದರೆ ಸಭೆಯೂ ಚದುರುತ್ತದೆ ಎಂದು ಯಾರಾದರೂ ಎಣಿಸಿದ್ದರೆ ಹಾಗಾಗಲಿಲ್ಲ. ಬಲ್ಮಠದ ಶಾಂತಿ ದೇವಾಲಯದಲ್ಲಿ, ಜೆಪ್ಪುವಿನ ಕಾಂತಿ ದೇವಾಲಯದಲ್ಲಿ ಜರ್ಮನ್ ರಾಗಕ್ಕೆ ಕೂಡಿಸಿದ ಕನ್ನಡ ಹಾಡುಗಳು ಇವತ್ತಿಗೂ ಕೇಳುತ್ತವೆ.

1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ ರೂಪುಗೊಂಡಿತು. ಮಂಗಳೂರಿನ ಬಾಸೆಲ್ ಮಿಷನ್ ಸಭೆ ಇಂದು ಅದರ ಕರ್ನಾಟಕ ದಕ್ಷಿಣ ಸಭಾಪ್ರಾಂತದಲ್ಲಿದೆ. ತಮಿಳುನಾಡಿನ, ಆಂಧ್ರದ ದೊಡ್ಡ ಲೂಥರನ್ ಸಭೆಗಳು ಈ ಒಕ್ಕೂಟಕ್ಕೆ ಸೇರದೆ ಪ್ರತ್ಯೇಕವಾಗಿ ಉಳಿದವು. ಮೊದಲಿನಿಂದಲೂ ಎರಡು ಪಂಥ ಬೆರೆತ ಮಿಷನ್‌ನ ಸಭೆಗೆ ಮೂರನೆಯದರೊಡನೆ ಬೆರೆಯುವುದು ಕಷ್ಟವಾಗಿರಲಾರದು ಎಂದು ನನ್ನ ಊಹೆ. ಹೆಂಚಿನ ಕಥೆ ಎಲ್ಲರಿಗೂ ಗೊತ್ತು: ಕಾಂಕ್ರೀಟು ಬಂತು, ಮಣ್ಣು ಉರುವಲು ದುಬಾರಿಯಾದವು, ಚಿಮಣಿಗಳು ಒಂದೊಂದಾಗಿ ಆರಿದವು.

ತರಗತಿಯಲ್ಲಿ ಎದುರಾಗುವ ಪ್ರಶ್ನೆ

ಪ್ರಶಿಕ್ಷಣಾರ್ಥಿಗಳು ಈ ಪಾಠವನ್ನು ಪಟ್ಟಿಯಾಗಿಸುವುದಕ್ಕೆ ಕಾರಣ ಸೋಮಾರಿತನವಲ್ಲ, ಭಯ. “ಅವರು ದುಡ್ಡಿಗೆ, ಕೆಲಸಕ್ಕೆ ಮತಾಂತರ ಆದದ್ದಾ ಸರ್?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದರೆ ಏನು ಹೇಳುವುದು? ಅದೇ ತರಗತಿಯಲ್ಲಿ ಆ ಸಭೆಯ ಮಕ್ಕಳು ಕೂತಿರುತ್ತಾರೆ. ಪಾಠ ಮಾಡುವವರೋ ಆ ಶಾಲೆಗೆ ಕೆಲವೇ ವಾರದ ಅತಿಥಿಗಳು.

ನನ್ನ ಸಲಹೆ: ಪ್ರಶ್ನೆಯನ್ನು ಗದರಿಸಬೇಡಿ, ಕಾಲರೇಖೆಗೆ ಒಯ್ಯಿರಿ. ಹಲಗೆಯ ಮೇಲೆ 1834, 1844, 1851, 1865 ಎಂದು ಬರೆಯಿರಿ. ಮೊದಲು ಸೇರಿದವರಿಗೆ ಯಾವ ಕಾರ್ಖಾನೆ ಇತ್ತು? ಇರಲಿಲ್ಲ. ಅವರಿಗೆ ಸಿಕ್ಕಿದ್ದೇನು, ಹೋದದ್ದೇನು? ಈ ಎರಡು ಕಲಂಗಳನ್ನು ಮಕ್ಕಳೇ ತುಂಬಲಿ. ಹೋದದ್ದರ ಕಲಂ ಉದ್ದವಾಗುತ್ತದೆ. ಆಮೇಲೆ ರೇಖೆಯನ್ನು 1865ರ ಆಚೆಗೆ ಎಳೆಯಿರಿ. ಈಗ ಕೆಲಸ ಇದೆ, ಶಾಲೆ ಇದೆ. ಅದರ ಸೆಳೆತವೂ ಇದ್ದಿರಬಹುದು, ಮಿಷನರಿಗಳಿಗೇ ಆ ಅನುಮಾನ ಇತ್ತು ಎಂದು ಮುಚ್ಚಿಡದೆ ಹೇಳಿ. ಒಬ್ಬ ಮನುಷ್ಯ ಯಾಕೆ ಮತ ಬದಲಿಸಿದ ಎನ್ನುವುದಕ್ಕೆ ಅವನ ಮಾತೇ ಸಾಕ್ಷಿಯಾಗಬೇಕು. ನಮ್ಮ ಕೈಯಲ್ಲಿರುವ ದಾಖಲೆಗಳಲ್ಲಿ ಹೆಚ್ಚಿನವು ಮಿಷನರಿಗಳು ಬಾಸೆಲ್‌ಗೆ ಬರೆದ ವರದಿಗಳು, ದೇಣಿಗೆ ಕೊಡುವವರು ಓದಲಿ ಎಂದು ಬರೆದವು. ಅದರಲ್ಲಿ ಬರೆದವರ ಆಸೆ ಎಷ್ಟು, ಕಂಡದ್ದೆಷ್ಟು ಎಂದು ಬಿಡಿಸಿ ಓದುವುದನ್ನು ಹತ್ತನೆಯ ತರಗತಿಯವರಿಗೂ ಕಲಿಸಬಹುದು.

ತರಗತಿಯಲ್ಲಿರುವ ಕ್ರೈಸ್ತ ಮಗುವನ್ನು ಎಬ್ಬಿಸಿ ‘ನಿಮ್ಮವರ ಬಗ್ಗೆ ನೀನು ಹೇಳು’ ಎನ್ನುವುದನ್ನು ನಾನು ಪಾಠವೀಕ್ಷಣೆಯಲ್ಲಿ ದೋಷವೆಂದೇ ದಾಖಲಿಸುತ್ತೇನೆ, ಒಳ್ಳೆಯ ಮನಸ್ಸಿನಿಂದ ಕೇಳಿದ್ದರೂ. ಹದಿನಾಲ್ಕರ ಹುಡುಗ ನೂರೈವತ್ತು ವರ್ಷದ ಹಿಂದಿನ ನಿರ್ಧಾರಕ್ಕೆ ಜವಾಬು ಕೊಡಬೇಕಾಗಿಲ್ಲ. ಅದರ ಬದಲು ಎಲ್ಲ ಮಕ್ಕಳಿಗೂ ಒಂದೇ ಮನೆಗೆಲಸ ಕೊಡಿ: ಮನೆಯಲ್ಲಿ ಅಜ್ಜಿ, ಮುತ್ತಜ್ಜಿ ಯಾರಾದರೂ ಹೆಂಚಿನ ಕಾರ್ಖಾನೆಯಲ್ಲಿ ದುಡಿದಿದ್ದರೇ, ಕೇಳಿ ಬರೆದು ತನ್ನಿ. ಉತ್ತರಗಳು ಎಲ್ಲ ಜಾತಿ, ಮತದ ಮನೆಗಳಿಂದ ಬರುತ್ತವೆ. ಹೆಂಚು ತಲೆಯ ಮೇಲೆ ಹೊತ್ತು ಹೊತ್ತು ನೆತ್ತಿಯ ಕೂದಲು ಉದುರಿದ್ದನ್ನು ಒಬ್ಬಳು ಮೊಮ್ಮಗಳು ಬರೆದು ತಂದಿದ್ದಳು. ಆ ದಿನ ಪ್ರಶಿಕ್ಷಣಾರ್ಥಿಯ ಪಾಠಯೋಜನೆ ಪಕ್ಕಕ್ಕೆ ಸರಿಯಿತು, ಸರಿಯಬೇಕಾದದ್ದೇ.

ಹಳೆಯ ಹೆಂಚು ತರಲು ಹೇಳುವುದಾದರೆ ಒಂದು ಎಚ್ಚರ. ಹೆಂಚಿನ ಮೇಲೆ ಅಚ್ಚಾದ ಇಸವಿ ಅದು ತಯಾರಾದ ವರ್ಷವೆಂದು ಮಕ್ಕಳು ತಿಳಿಯುತ್ತಾರೆ. ಆಲ್ಬುಕರ್ಕ್ ಹೆಂಚಿನ ಮೇಲಿನ 1868 ಕಂಪನಿ ಹುಟ್ಟಿದ ವರ್ಷ. ಹೆಂಚು ಎಷ್ಟೋ ದಶಕ ಆಮೇಲಿನದಿರಬಹುದು. ಕಾಲ ತಿಳಿಯಲು ಇಸವಿಗಿಂತ ಹೆಸರು ಹೆಚ್ಚು ಸಹಾಯಕ. ಬಾಸೆಲ್ ಮಿಷನ್ ಎಂಬ ಹೆಸರಿದ್ದರೆ ಅದು ಕಾರ್ಖಾನೆ ಕೈಬದಲಾಗುವ ಮೊದಲಿನದು, ಕಾಮನ್‌ವೆಲ್ತ್ ಎಂದಿದ್ದರೆ 1919ರ ಈಚಿನದು. ಈ ಎರಡು ಹೆಂಚುಗಳನ್ನು ಅಕ್ಕಪಕ್ಕ ಇಟ್ಟು, ಒಂದೇ ಕಾರ್ಖಾನೆಯ ಹೆಸರು ಯಾಕೆ ಬದಲಾಯಿತು ಎಂದು ಕೇಳಿದರೆ ಮೊದಲ ಮಹಾಯುದ್ಧ ಜೆಪ್ಪುವಿನವರೆಗೆ ಹೇಗೆ ಬಂತು ಎನ್ನುವಲ್ಲಿಗೆ ಪಾಠ ತಾನೇ ತಲುಪುತ್ತದೆ.

ಹೆಚ್ಚು ಓದಬಯಸುವವರಿಗೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ ಹತ್ತಿರದಲ್ಲೇ ಇದೆ. ಮಿಷನ್‌ನ ಹಳೆಯ ಮುದ್ರಣಗಳು ಅಲ್ಲಿವೆ. ಇಡೀ ತರಗತಿಯನ್ನು ಕರೆದೊಯ್ಯುವ ಜಾಗವಲ್ಲ ಅದು. ಇಬ್ಬರು ಮೂವರು ಪ್ರಶಿಕ್ಷಣಾರ್ಥಿಗಳು ಮೊದಲೇ ಅನುಮತಿ ಪಡೆದು ಹೋಗಿ, ತಮ್ಮ ಪಾಠಕ್ಕೆ ಬೇಕಾದ ಒಂದೇ ಒಂದು ಪುಟವನ್ನು ಕೈಯಲ್ಲಿ ನಕಲು ಮಾಡಿಕೊಂಡು ಬಂದರೆ ಒಂದು ತರಗತಿಗೆ ಧಾರಾಳವಾಯಿತು. ಬಾಸೆಲ್‌ನಲ್ಲಿರುವ ಮಿಷನ್‌ನ ಪತ್ರಾಗಾರ ತನ್ನ ಹಳೆಯ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಕಾರ್ಖಾನೆಯ ಚಿತ್ರ ಆರಿಸುವಾಗ ಗೂಡು, ಚಿಮಣಿ ಇರುವುದಕ್ಕಿಂತ ಕೆಲಸಗಾರರು ಸಾಲಾಗಿ ನಿಂತಿರುವುದನ್ನು ಆರಿಸಿ. ಯಾರು ಎಲ್ಲಿ ನಿಂತಿದ್ದಾರೆ, ಯಾರ ಕಾಲಲ್ಲಿ ಜೋಡು ಇದೆ, ಯಾರ ಕೈಯಲ್ಲಿ ಹೆಂಚಿದೆ ಎಂದು ಮಕ್ಕಳು ನೋಡಲಿ.